ಕ್ಯಾಮೆರಾ ಆಮೇಲೆ, ಮೊದಲು ಫೋಕಸ್: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಪಿಯುಸಿ ಮುಗಿಸಿ ಸಿನಿಮಾ ಛಾಯಾಗ್ರಹಣವನ್ನೇ ಓದುತ್ತೀನಿ ಅಂದೆ. ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಜೊತೆಗೇ ಕ್ಯಾಮೆರಾ ಕೊಡಿಸು ಅಂದೆಯಲ್ಲ, ಅದು ಮಾತ್ರ ಈಗ ಬೇಡ. ಮದುವೆ, ಯೂಟ್ಯೂಬ್ ಕೆಲಸಕ್ಕೆ ಸ್ವಂತ ಕ್ಯಾಮೆರಾ ಇದ್ದವರನ್ನು ಹುಡುಕಿಕೊಂಡು ಬರುತ್ತಾರೆ, ನಿಜ. ಸಿನಿಮಾ, ಜಾಹೀರಾತಿಗೆ ಸಾಮಾನ್ಯವಾಗಿ ಕ್ಯಾಮೆರಾ, ಲೆನ್ಸ್, ಲೈಟು ಎಲ್ಲ ಬಾಡಿಗೆಗೆ ಬರುತ್ತೆ, ಅದನ್ನು ನೋಡಿಕೊಳ್ಳೋ ಅಟೆಂಡೆಂಟ್ ಕೂಡ ಜೊತೆಗೆ ಬರುತ್ತಾನೆ. ನಿನ್ನನ್ನು ಕರೆಯೋದು ನಿನ್ನ ಕಣ್ಣಿಗೆ, ನಿನ್ನ ಮೇಲಿನ ನಂಬಿಕೆಗೆ. ಆ ನಂಬಿಕೆ ಹುಟ್ಟೋದು ಅಸಿಸ್ಟೆಂಟ್ ಆಗಿದ್ದಾಗ.

ಓದೋಕೆ ದೂರ ಹೋಗಬೇಕಿಲ್ಲ. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಅಂಡ್ ಟಿವಿ ಇನ್‌ಸ್ಟಿಟ್ಯೂಟ್‌ನ ಬೇರು ನಮ್ಮ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಆ ಪಾಲಿಟೆಕ್ನಿಕ್‌ನಲ್ಲೇ. ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರಕ್ಕೆ 1959ರಲ್ಲಿ ಬೆಳಕು ಕೊಟ್ಟವರು ಅವರು, ಮುಂದೆ ಫಾಲ್ಕೆ ಪ್ರಶಸ್ತಿಯೂ ಬಂತು. ಮುಂದೆ ನಿರ್ದೇಶಕರಾದ ಗೋವಿಂದ ನಿಹಲಾನಿ ಕೂಡ ಅಲ್ಲೇ ಓದಿ, ಮೂರ್ತಿಯವರ ಹತ್ತಿರ ಅಸಿಸ್ಟೆಂಟ್ ಆಗಿದ್ದವರು. ಹೆಣ್ಣುಮಕ್ಕಳಿಗೆ ಈ ಕೆಲಸ ಆಗಲ್ಲ ಅಂತ ಯಾರಾದರೂ ಅಂದರೆ ಬಿ.ಆರ್. ವಿಜಯಲಕ್ಷ್ಮಿಯವರ ಹೆಸರು ಹೇಳು. ನಮ್ಮ ಬಿ.ಆರ್. ಪಂತುಲು ಅವರ ಮಗಳು. 1985ರಲ್ಲೇ ಸ್ವತಂತ್ರ ಛಾಯಾಗ್ರಾಹಕಿ ಆದವರು. ಪುಣೆ, ಕೋಲ್ಕತ್ತದ ಸಂಸ್ಥೆಗಳಿಗೆ ಪದವಿ ಮುಗಿಸಿ ಪ್ರವೇಶ ಪರೀಕ್ಷೆ ಬರೆಯಬಹುದು, ಅದು ಆಮೇಲಿನ ಮಾತು.

ಸೆಟ್ಟಿಗೆ ಹೋದ ಮೊದಲ ದಿನಗಳಲ್ಲಿ ಕ್ಲ್ಯಾಪ್, ಬ್ಯಾಟರಿ, ಲೆನ್ಸ್ ಪೆಟ್ಟಿಗೆ, ಪ್ರತಿ ಶಾಟ್ ವಿವರ ಬರೆಯೋ ಕ್ಯಾಮೆರಾ ರಿಪೋರ್ಟ್ ನಿನ್ನ ಪಾಲಿಗೆ ಬರುತ್ತೆ. ಬೇಜಾರು ಮಾಡಿಕೊಳ್ಳಬೇಡ. ಆ ರಿಪೋರ್ಟ್‌ನಲ್ಲಿ ಲೆನ್ಸ್, ಸ್ಟಾಪ್ (ಲೆನ್ಸ್ ಎಷ್ಟು ಬೆಳಕು ಬಿಡುತ್ತೆ ಅನ್ನೋ ಅಳತೆ), ಫಿಲ್ಟರ್ ಬರೆಯುತ್ತಾ ಬರೆಯುತ್ತಾ ದೊಡ್ಡವರು ಹೇಗೆ ಯೋಚಿಸುತ್ತಾರೆ ಅನ್ನೋದು ನಿನಗೇ ತಿಳಿಯುತ್ತೆ. ಆಮೇಲೆ ಫೋಕಸ್ ಪುಲ್ಲರ್, ಅಂದರೆ ಶಾಟ್ ನಡೆಯುವಾಗ ಫೋಕಸ್ ತಿರುಗಿಸುತ್ತಾ ಕಲಾವಿದರನ್ನು ಸ್ಪಷ್ಟವಾಗಿ ಇಡೋ ಕೆಲಸ. ಇಲ್ಲಿ ಅವಸರ ಮಾಡಬೇಡ, ಕಡಿಮೆ ಅಂದರೂ ಎರಡು ವರ್ಷ ಕೊಡು. 85 ಎಂಎಂ ಲೆನ್ಸ್, ಸ್ಟಾಪ್ 2, ಕಲಾವಿದರು ಎರಡು ಮೀಟರ್ ದೂರ ಅಂದುಕೋ. ಸಿನಿಮಾ ಕ್ಯಾಮೆರಾದ ಸೂಪರ್ 35 ಅಳತೆಯ ಸೆನ್ಸರ್‌ನಲ್ಲಿ ಶಾರ್ಪ್ ಆಗಿರೋ ಜಾಗ ನಾಲ್ಕೈದು ಸೆಂಟಿಮೀಟರ್ ಅಷ್ಟೇ. ಮಾತಾಡುತ್ತಾ ತಲೆ ಸ್ವಲ್ಪ ಮುಂದಕ್ಕೆ ಬಾಗಿತು ಅಂದರೆ ಕಣ್ಣು ಮಸುಕಾಗಿ ಕಿವಿ ಶಾರ್ಪ್ ಆಗುತ್ತೆ. ಅದಕ್ಕೇ ಅಳತೆ ಟೇಪನ್ನು ಲೆನ್ಸ್ ತುದಿಯಿಂದ ಹಿಡಿಯಬಾರದು. ಕ್ಯಾಮೆರಾ ಮೈಮೇಲೆ ಸೆನ್ಸರ್ ಇರೋ ಜಾಗಕ್ಕೆ ಗುರುತು ಇರುತ್ತೆ, ಅಲ್ಲಿಂದ ಕಣ್ಣಿನವರೆಗೆ. ರಿಹರ್ಸಲ್‌ನಲ್ಲಿ ಕಲಾವಿದರು ನಿಂತ ಕಡೆಯೆಲ್ಲ ನೆಲಕ್ಕೆ ಟೇಪ್ ಅಂಟಿಸು. ಚಿಕ್ಕ ಮಾನಿಟರ್ ನೋಡಿ ಫೋಕಸ್ ತಿರುಗಿಸಿದರೆ ತಪ್ಪು ಕಂಡ ಮೇಲೆ ಕೈ ಓಡುತ್ತೆ. ಎರಡು ಅಡಿ, ಮೂರು ಅಡಿ, ಹತ್ತು ಅಡಿ ಎಷ್ಟು ಅಂತ ಕಣ್ಣಳತೆಯಲ್ಲೇ ಹೇಳೋದನ್ನು ಮನೆಯಲ್ಲೇ ರೂಢಿಸಿಕೋ. ಇನ್ನೊಂದು ಮಾತು: ಎಸಿ ರೂಮಿನಿಂದ ಲೆನ್ಸನ್ನು ಬಿಸಿ, ತೇವದ ಗಾಳಿಗೆ ತಂದ ತಕ್ಷಣ ಗಾಜಿನ ಮೇಲೆ ಹಬೆ ಕೂರುತ್ತೆ. ಪೆಟ್ಟಿಗೆ ಮುಚ್ಚಿಟ್ಟೇ ಅರ್ಧ ಗಂಟೆ ಹೊರಗೆ ಬಿಡು.

ಬೆಳಕಿನ ಲೆಕ್ಕಕ್ಕೆ ಪಿಯುಸಿ ಫಿಸಿಕ್ಸ್ ಸಾಕು. ಲೈಟನ್ನು ಎರಡು ಮೀಟರ್‌ನಿಂದ ನಾಲ್ಕು ಮೀಟರ್‌ಗೆ ಸರಿಸಿದರೆ ಮುಖದ ಮೇಲೆ ಉಳಿಯೋದು ಕಾಲು ಭಾಗ, ಅಂದರೆ ಎರಡು ಸ್ಟಾಪ್ ಕಮ್ಮಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಕಿಟಕಿ ಪಕ್ಕ ಅಜ್ಜಿಯನ್ನು ಕೂರಿಸಿ, ಇನ್ನೊಂದು ಬದಿಗೆ ಥರ್ಮೊಕೋಲ್ ಹಿಡಿದು, ಆಮೇಲೆ ಅದೇ ಜಾಗಕ್ಕೆ ಕಪ್ಪು ಬಟ್ಟೆ ಹಿಡಿದು ಫೋನಲ್ಲೇ ತೆಗೆ. ನೆರಳು ತುಂಬೋದು, ನೆರಳು ಗಾಢವಾಗೋದು ಎರಡೂ ಎದುರಿಗೇ ಕಾಣುತ್ತೆ. ಇದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ.

ಹೊಸಬರನ್ನು ಹೆಚ್ಚು ಕಾಡೋದು ಫ್ಲಿಕ್ಕರ್, ಅಂದರೆ ಲೈಟಿನ ಮಿನುಗು ಚಿತ್ರದಲ್ಲಿ ಕಾಣೋದು. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತೆ. ಸೆಕೆಂಡಿಗೆ 24 ಫ್ರೇಮ್ ತೆಗೆಯುವಾಗ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬಿಡೋ ಸಮಯ, ಡಿಗ್ರಿಯಲ್ಲಿ ಹೇಳುತ್ತಾರೆ) 180 ಡಿಗ್ರಿ ಇಟ್ಟರೆ ಒಂದೊಂದು ಫ್ರೇಮಿಗೆ 1/48 ಸೆಕೆಂಡು. ಮಿನುಗು ಅದರೊಳಗೆ ಸರಿಯಾಗಿ ಕೂರಲ್ಲ, ಗೋಡೆ ಮೇಲೆ ಬೆಳಕು ಉಸಿರಾಡಿದ ಹಾಗೆ ಕಾಣುತ್ತೆ. ಶಟರನ್ನು 172.8 ಡಿಗ್ರಿ ಮಾಡಿದರೆ 1/50 ಆಗಿ, ಪ್ರತಿ ಫ್ರೇಮಿಗೂ ಎರಡೇ ಮಿನುಗು. ಟಿವಿಯ 25 ಫ್ರೇಮಿಗೆ 180 ಡಿಗ್ರಿಯೇ 1/50. ಬೀದಿಯ ಎಲ್‌ಇಡಿ ಬೋರ್ಡು, ಡಿಮ್ಮರ್ ಹಾಕಿದ ಅಗ್ಗದ ಲೈಟು ಈ ಲೆಕ್ಕಕ್ಕೆ ಸಿಗಲ್ಲ. ಮಾನಿಟರ್ ನೋಡುತ್ತಾ ಶಟರನ್ನು ಸ್ವಲ್ಪ ಸ್ವಲ್ಪವೇ ಬದಲಿಸು, ಚಿತ್ರದಲ್ಲಿ ಮಿನುಗಿನ ಪಟ್ಟೆ ಹೋಗದಿದ್ದರೆ ಆ ಲೈಟನ್ನೇ ಆಫ್ ಮಾಡಿಸು.

ಸೀರಿಯಲ್ ಕೆಲಸ ಬಂದರೆ ಬಿಡಬೇಡ. ಎರಡು ಮೂರು ಕ್ಯಾಮೆರಾ, ಬೆಳಗಿನಿಂದ ರಾತ್ರಿವರೆಗೆ ಸೀನ್ ಮೇಲೆ ಸೀನ್, ಕೈ ಚುರುಕಾಗುತ್ತೆ. ಬಣ್ಣವನ್ನು ಕ್ಯಾಮೆರಾವೇ ಹೊಂದಿಸಿಕೊಳ್ಳೋ ಆಟೋ ವೈಟ್ ಬ್ಯಾಲೆನ್ಸ್ ಮಾತ್ರ ಬೇಡ. ಎಲ್ಲ ಕ್ಯಾಮೆರಾಗೂ ಒಂದೇ ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಕೊಡು, ಇಲ್ಲವಾದರೆ ಒಂದೇ ಸೀರೆ ಕಟ್ ಕಟ್‌ಗೂ ಬಣ್ಣ ಬದಲಿಸುತ್ತೆ. ಆದರೆ ಅಲ್ಲೇ ನಿಂತುಬಿಡಬೇಡ ಪುಟ್ಟಿ. ಎಲ್ಲ ಕಡೆಯಿಂದ ಒಂದೇ ಸಮ ಬೆಳಕು ಹಾಕೋ ಅಭ್ಯಾಸ ಅಂಟಿಕೊಂಡರೆ ಬಿಡಿಸಿಕೊಳ್ಳೋದು ಕಷ್ಟ.

ಡೇಟಾ ವಿಷಯದಲ್ಲಿ ಯಾರ ಅವಸರಕ್ಕೂ ಬಗ್ಗಬೇಡ. ವಿಡಿಯೋ ಫೈಲಿನ ಒಂದು ಬಗೆಯಾದ ಪ್ರೊರೆಸ್ 422 ಎಚ್‌ಕ್ಯೂನಲ್ಲಿ 4ಕೆ, 25 ಫ್ರೇಮ್ ಅಂದರೆ ಗಂಟೆಗೆ ಸುಮಾರು 330 ಜಿಬಿ. ಎರಡು ಬೇರೆ ಬೇರೆ ಡ್ರೈವ್‌ಗೆ ಚೆಕ್‌ಸಮ್ (ಕಾಪಿ ಮೂಲದಂತೆಯೇ ಇದೆಯಾ ಅಂತ ನೋಡೋ ಪರೀಕ್ಷೆ) ಸಮೇತ ಕಾಪಿ ಆಗಿ, ಕ್ಲಿಪ್ ತೆರೆದು ನೋಡೋವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡಬೇಡ. ಕಾಪಿಯಾದ ಕಾರ್ಡ್ ಯಾವುದು, ಆಗದ್ದು ಯಾವುದು ಅಂತ ಎರಡು ಬಣ್ಣದ ಟೇಪ್ ಹಚ್ಚು.

ಕೆಲಸ ಒಪ್ಪೋ ಮುಂಚೆ ದಿನದ ಸಂಬಳ ಎಷ್ಟು, ಬೇಟಾ (ದಿನಭತ್ಯೆ) ಬೇರೆಯೋ ಸೇರಿಸಿಯೋ, ಕಾಲ್‌ಶೀಟ್ (ದಿನದ ಕೆಲಸದ ಅವಧಿ) ಎಷ್ಟು ಗಂಟೆ, ಮೀರಿದರೆ ಏನು, ನೈಟ್ ಶೂಟ್ ಆದರೆ ಮನೆವರೆಗೆ ಗಾಡಿ ಕೊಡ್ತಾರಾ, ಔಟ್‌ಡೋರ್‌ನಲ್ಲಿ ನಿನಗೆ ರೂಮು, ಬಾತ್‌ರೂಮ್ ಎಲ್ಲಿ ಅಂತ ಕೇಳು. ಕೇಳೋಕೆ ಸಂಕೋಚ ಬೇಡ. ಒಪ್ಪಿದ್ದನ್ನು ವಾಟ್ಸ್ಯಾಪ್‌ನಲ್ಲಿ ಬರೆಸಿಕೋ.

ಹೆಸರಘಟ್ಟದ ಅರ್ಜಿಗೆ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ ಈಗಲೇ ತೆಗೆದಿಡು. ನಾಡಕಚೇರಿಗೆ ಸೋಮವಾರ ನಾನೂ ಬರ್ತೀನಿ.

ಇಂತಿ ನಿನ್ನ,
ಅಮ್ಮ