ಲ್ಯಾಬಿಗೆ ಪೆನ್ ಡ್ರೈವ್ ಬೇಡ ಎಂದದ್ದು ಯಾಕೆ?

ಆತ್ಮೀಯ ಪೋಷಕರೇ,

ನಮಸ್ಕಾರ. ಕಂಪ್ಯೂಟರ್ ಲ್ಯಾಬಿಗೆ ಪೆನ್ ಡ್ರೈವ್ ತರಬಾರದು ಎಂಬ ಹೊಸ ನಿಯಮದಿಂದ ನಿಮ್ಮಲ್ಲಿ ಹಲವರಿಗೆ ಬೇಸರವಾಗಿದೆ. ‘ನಮ್ಮ ಮಕ್ಕಳ ಮೇಲೇ ಅನುಮಾನವಾ?’ ಎಂದು ಕೇಳಿದ್ದೀರಿ. ಖಂಡಿತ ಇಲ್ಲ.

ಕಳೆದ ವಾರ ಒಬ್ಬ ಹುಡುಗ ಪೆನ್ ಡ್ರೈವಿನಲ್ಲಿ ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಆಡಲು ಕಳ್ಳದಾರಿಯಲ್ಲಿ ತಿದ್ದಿದ ಗೇಮ್ ತಂದಿದ್ದ. ತೆರೆದ ಸ್ವಲ್ಪ ಹೊತ್ತಿಗೇ ಎಲ್ಲ ಫೈಲುಗಳ ಹೆಸರಿನ ತುದಿಗೆ ಏನೇನೋ ಅಕ್ಷರ ಅಂಟಿಕೊಂಡವು. ಒಂದೂ ತೆರೆಯಲಿಲ್ಲ. ದುಡ್ಡು ಕಟ್ಟಿದರೆ ಬೀಗ ತೆಗೆಯುತ್ತೇವೆ ಎಂಬ ಬರಹ ಪರದೆಯ ಮೇಲೆ ಬಂತು. ರ‍್ಯಾನ್ಸಮ್‌ವೇರ್ ಎಂದರೆ ಇದೇ. ಲ್ಯಾಬ್ ಮೇಡಂ ತಕ್ಷಣ ನೆಟ್‌ವರ್ಕ್ ವೈರ್ ಕಿತ್ತಿದ್ದರಿಂದ ಉಳಿದ ಕಂಪ್ಯೂಟರುಗಳು ಉಳಿದುಕೊಂಡವು. ಬ್ಯಾಕಪ್ ಹಾರ್ಡ್ ಡಿಸ್ಕ್ ಮಾತ್ರ ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು. ಅದೂ ಲಾಕ್ ಆಯಿತು. ಇದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ಹತ್ತನೇ ತರಗತಿಯ ಒಬ್ಬ ಹುಡುಗಿ ತನ್ನ ವಿಜ್ಞಾನ ಪ್ರಾಜೆಕ್ಟನ್ನು ರಫ್ ನೋಟ್‌ಬುಕ್ ನೋಡಿಕೊಂಡು ಈಗ ಮತ್ತೆ ಮೊದಲಿಂದ ಟೈಪ್ ಮಾಡುತ್ತಿದ್ದಾಳೆ. ಇಂಥ ಮಕ್ಕಳಿಗೆ ಜಾಸ್ತಿ ಸಮಯ ಕೊಟ್ಟಿದ್ದೇವೆ. ಆ ಹುಡುಗನನ್ನು ದಯವಿಟ್ಟು ಯಾರೂ ದೂರಬೇಡಿ. ಗೇಮಿನೊಳಗೆ ಏನಿದೆಯೆಂದು ಅವನಿಗೂ ಗೊತ್ತಿರಲಿಲ್ಲ.

ದುಡ್ಡು ಕೊಟ್ಟು ಬಿಡಿಸಿಕೊಳ್ಳಬಹುದಿತ್ತಲ್ವಾ ಎಂದರು ಕೆಲವರು. ಕೊಟ್ಟರೂ ಫೈಲು ಸಿಗುವ ಖಾತ್ರಿಯಿಲ್ಲ. ಕೊಡಲಿಲ್ಲ, ಮುಂದೆಯೂ ಕೊಡುವುದಿಲ್ಲ.

‘ಮನೆಯಲ್ಲಿ ಆಂಟಿವೈರಸ್ ಇದೆ, ನಮ್ಮ ಪೆನ್ ಡ್ರೈವ್‌ಗೆ ಏನೂ ಆಗಿಲ್ಲ’ ಎನ್ನುತ್ತೀರಿ. ಆಂಟಿವೈರಸ್ ಇರಲೇಬೇಕು. ಆದರೆ ಕ್ರ್ಯಾಕ್ ಗೇಮ್ ಹಾಕುವಾಗ ‘ಆಂಟಿವೈರಸ್ ಆಫ್ ಮಾಡಿ’ ಎಂದೇ ಎಷ್ಟೋ ಕಡೆ ಬರೆದಿರುತ್ತದೆ. ಮಕ್ಕಳು ಆಫ್ ಮಾಡಿಬಿಡುತ್ತಾರೆ. ಅಪ್‌ಡೇಟ್ ಕಥೆಯೂ ಅಷ್ಟೇ, ನಾಳೆ ನೋಡೋಣ ಎಂದು ಮುಂದೂಡುತ್ತೇವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಇಂಥದ್ದೇ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳಿಗೆ ಹರಡಿತು. ಅದು ನುಗ್ಗಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು!

ಹಾಗಾಗಿ ಪೆನ್ ಡ್ರೈವ್ ನಿಯಮ ಸಡಿಲವಾಗುವುದಿಲ್ಲ. ಸುಮ್ನೆ ತೊಂದರೆ ಕೊಡಲು ಮಾಡಿದ್ದಲ್ಲ, ನಂಬಿ. ಮಕ್ಕಳು ಪ್ರಾಜೆಕ್ಟನ್ನು ತರಗತಿಯ ಆನ್‌ಲೈನ್ ಫೋಲ್ಡರಿಗೆ ಹಾಕಿದರೆ ಸಾಕು. ಮನೆಯಲ್ಲಿ ಇಂಟರ್ನೆಟ್ ಇಲ್ಲದವರು ಪೆನ್ ಡ್ರೈವನ್ನು ಆಫೀಸಿಗೆ ಕೊಡಲಿ. ನೆಟ್‌ವರ್ಕಿಗೆ ಸೇರಿಸದ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ತೆಗೆದುಕೊಳ್ಳುತ್ತೇವೆ. ಯಾವ ಮಗುವಿನ ಪ್ರಾಜೆಕ್ಟೂ ಇದರಿಂದ ತಪ್ಪುವುದಿಲ್ಲ.

ನಿಮ್ಮಲ್ಲಿ ಒಂದೇ ಕೋರಿಕೆ: ಈ ಭಾನುವಾರ ಮಗುವಿನ ಜೊತೆ ಕೂತು ಫೋಟೋ, ಪ್ರಾಜೆಕ್ಟುಗಳನ್ನು ಬೇರೊಂದು ಡಿಸ್ಕಿಗೆ ಕಾಪಿ ಮಾಡಿ, ವೈರ್ ಬಿಚ್ಚಿ ಕಪಾಟಿನಲ್ಲಿಡಿ.

ಇತಿ ನಿಮ್ಮ,
ಮುಖ್ಯ ಶಿಕ್ಷಕಿ