ಸರಳೆ ವರಸೆಯಿಂದ ಸೋನಿಕ್ ಪೈಗೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಕೋಡ್ ಬರೆದು ಸಂಗೀತ ಮಾಡುವುದನ್ನು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ಸೋನಿಕ್ ಪೈ ಹಾಕಿಕೋ. 2012ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ಆರನ್ ಇದನ್ನು ಶಾಲಾ ಮಕ್ಕಳಿಗಾಗಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಓಡಲೆಂದು ಬರೆಯಲು ತೊಡಗಿದರು. ಈಗ ವಿಂಡೋಸ್, ಮ್ಯಾಕ್‌ಗಳಲ್ಲೂ ಓಡುತ್ತದೆ, ಉಚಿತ. ಭಾಷೆ ರೂಬಿ, ಆದರೆ ರೂಬಿ ಕಲಿಯಲು ಕೂರಬೇಡ. ಬೇಕಾಗುವುದು ಕೆಲವು ಪದ ಮಾತ್ರ. ಕೆಳಗೆ ಓದಲು ಸುಲಭವಾಗಲಿ ಅಂತ ಆಜ್ಞೆಗಳನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇನೆ. ನೀನು ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ, ಎಲ್ಲವೂ ಸಣ್ಣಕ್ಷರದಲ್ಲಿ ಇರಲಿ (ಡು ಅಂದರೆ do, ಪರ್ಕ್ perc, ಸಿಂತ್ synth, ಸಿಂಕ್ sync, ಎಫ್‌ಎಕ್ಸ್ fx). ಕೆಳ ಅಡ್ಡಗೆರೆ (_), ವಿವರಣ ಚಿಹ್ನೆ (:) ಗಳೂ ಇಲ್ಲಿರುವ ಹಾಗೇ ಬರಬೇಕು.

ಮೊದಲು "ಪ್ಲೇ 60" ಅಂತ ಬರೆದು ಆಲ್ಟ್ ಮತ್ತು ಆರ್ ಒಟ್ಟಿಗೆ ಒತ್ತು (ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಆರ್). ಶಬ್ದ ಬಂತೇ? 60 ಅಂದರೆ ಹಾರ್ಮೋನಿಯಂನ ಮಧ್ಯದ 'ಬಿಳಿ ಒಂದು' ಎಂಬ ಮನೆ (ಕೀಲಿ), ಇಲ್ಲಿ ನಮ್ಮ ಷಡ್ಜ. ಒಂದು ಸಂಖ್ಯೆ ಹೆಚ್ಚಿದರೆ ಪಕ್ಕದ ಮನೆ, ಹನ್ನೆರಡು ಹೆಚ್ಚಿದರೆ ತಾರಷಡ್ಜ. ಪ್ರೋಗ್ರಾಂ ತೆರೆಯುವಾಗಲೇ ಆಡಿಯೊ ಶುರುವಾಗಲಿಲ್ಲ ಎಂಬ ದೂರು ಬಂದರೆ ಬಹುತೇಕ ಬ್ಲೂಟೂತ್ ಇಯರ್‌ಫೋನಿನದೇ ಕಿತಾಪತಿ. ಅದರ ಮೈಕ್ ಒಂದು ಸ್ಯಾಂಪಲ್ ರೇಟಿನಲ್ಲಿ (ಸೆಕೆಂಡಿಗೆ ಎಷ್ಟು ಸಲ ಶಬ್ದವನ್ನು ಅಳೆಯುತ್ತದೆ ಎಂಬ ಲೆಕ್ಕ), ಸ್ಪೀಕರ್ ಇನ್ನೊಂದರಲ್ಲಿ ನಿಂತಿರುತ್ತದೆ. ಎರಡನ್ನೂ 44,100ಕ್ಕೋ 48,000ಕ್ಕೋ ಸಮ ಮಾಡು. ಅದಕ್ಕಿಂತ ತಂತಿಯ ಇಯರ್‌ಫೋನ್ ಚುಚ್ಚಿಬಿಡುವುದು ವಾಸಿ, ಶಬ್ದ ತಡವಾಗಿ ಕೇಳುವ ಕಾಟವೂ ಇರುವುದಿಲ್ಲ.

ಈಗ ಒಂದರ ಕೆಳಗೊಂದು ಪ್ಲೇ 60, ಪ್ಲೇ 64, ಪ್ಲೇ 67 ಬರೆದು ನೋಡು. ಸ, ಗ, ಪ ಸಾಲಾಗಿ ಬರುವುದಿಲ್ಲ, ಮೂರೂ ಒಟ್ಟಿಗೆ ಮೊಳಗುತ್ತವೆ. ಪ್ಲೇ ಸ್ವರವನ್ನು ಹೊರಡಿಸುತ್ತದೆ, ಅದು ಮುಗಿಯಲಿ ಅಂತ ಕಾಯುವುದಿಲ್ಲ. ಕಾಯುವ ಕೆಲಸ ಸ್ಲೀಪ್‌ನದು. ಹೊಸಬರು ಯಾವ ಸ್ವರ, ಯಾವ ವಾದ್ಯ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ತೊಂಬತ್ತು ಪಾಲು ಎಡವಟ್ಟು ಸ್ಲೀಪ್‌ನಲ್ಲೇ ಇರುತ್ತದೆ. ತಾಳ ಹಾಕಿ ಕಲಿತ ನಿನಗೆ ಇದು ಅನುಕೂಲ. ಆದ್ದರಿಂದ ಸ್ವರ ಬಿಟ್ಟು ಆದಿತಾಳದಿಂದ ಶುರು ಮಾಡು:

ಯೂಸ್_ಬಿಪಿಎಂ 60
ಲೈವ್_ಲೂಪ್ :ತಾಳ ಡು
  ಸ್ಯಾಂಪಲ್ :ಪರ್ಕ್_ಸ್ನ್ಯಾಪ್
  ಸ್ಲೀಪ್ 4
  ಸ್ಯಾಂಪಲ್ :ಪರ್ಕ್_ಸ್ನ್ಯಾಪ್
  ಸ್ಲೀಪ್ 2
  ಸ್ಯಾಂಪಲ್ :ಪರ್ಕ್_ಸ್ನ್ಯಾಪ್
  ಸ್ಲೀಪ್ 2
ಎಂಡ್

ಬಿಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಅಕ್ಷರ (ತಾಳದ ಎಣಿಕೆ) ಎಂಬುದು. ತಾಳದ ಭಾಗಗಳಲ್ಲಿ ಲಘುವಿಗೆ ನಾಲ್ಕು, ಎರಡು ದ್ರುತಕ್ಕೆ ಎರಡೆರಡು, ಒಟ್ಟು ಎಂಟು ಅಕ್ಷರ. ಈ ಒಂದು ಸುತ್ತೇ ಆವರ್ತ. ಪೆಟ್ಟು ಮಾತ್ರ ಕೇಳುತ್ತದೆ, ಬೆರಳೆಣಿಕೆ ಮತ್ತು ಬೀಸು ಸ್ಲೀಪ್‌ನೊಳಗೆ ಅಡಗಿವೆ. ಲೂಪಿನಲ್ಲಿ (ಮತ್ತೆ ಮತ್ತೆ ಸುತ್ತುವ ಭಾಗದಲ್ಲಿ) ಒಂದೂ ಸ್ಲೀಪ್ ಇಲ್ಲದಿದ್ದರೆ ಅದು ಕ್ಷಣಮಾತ್ರವೂ ನಿಲ್ಲದೆ ಸುತ್ತಬೇಕಾಗುತ್ತದೆ. ಹಾಗಾಗಿ ಸೋನಿಕ್ ಪೈ ದೂರು ಹೇಳಿ ಆ ಲೂಪನ್ನು ನಿಲ್ಲಿಸಿಬಿಡುತ್ತದೆ.

ಇದರ ಕೆಳಗೇ ಸಂಗೀತದ ಮೊದಲ ಪಾಠವಾದ ಸರಳೆ ವರಸೆ, ನಮ್ಮಲ್ಲಿ ಎಲ್ಲರೂ ಶುರು ಮಾಡುವ ಮಾಯಾಮಾಳವಗೌಳ ರಾಗದಲ್ಲೇ:

ಲೈವ್_ಲೂಪ್ :ಸ್ವರ ಡು
  ಯೂಸ್_ಸಿಂತ್ :ಪ್ಲಕ್
  ಪ್ಲೇ_ಪ್ಯಾಟರ್ನ್_ಟೈಮ್ಡ್ [60,61,64,65,67,68,71,72], [0.5], ರಿಲೀಸ್: 0.4
  ಪ್ಲೇ_ಪ್ಯಾಟರ್ನ್_ಟೈಮ್ಡ್ [72,71,68,67,65,64,61,60], [0.5], ರಿಲೀಸ್: 0.4
ಎಂಡ್

ಪ್ಲೇ ಪ್ಯಾಟರ್ನ್ ತಾನೇ ಕಾಯುತ್ತದೆ, ಬೇರೆ ಸ್ಲೀಪ್ ಬೇಡ. ಹದಿನಾರು ಸ್ವರ, ತಲಾ ಅರ್ಧ ಅಕ್ಷರ, ಅಂದರೆ ಎಂಟು. ಇದು ಎರಡನೇ ಕಾಲ (ವೇಗ), ಒಂದು ಆವರ್ತಕ್ಕೆ ಸರಿಯಾಗಿ ಕೂರುತ್ತದೆ. ಮೊದಲ ಕಾಲಕ್ಕೆ 0.5ರ ಜಾಗದಲ್ಲಿ 1 ಹಾಕು, ಎರಡು ಆವರ್ತವಾಗುತ್ತದೆ. ಮೂರನೇ ಕಾಲಕ್ಕೆ 0.25. ಸೊನ್ನೆ ಬಿಟ್ಟು ಬರೀ ಚುಕ್ಕೆ ಐದು ಅಂತ ಬರೆದರೆ ರೂಬಿ ಒಪ್ಪುವುದಿಲ್ಲ. ಕಾಲ ಬದಲಿಸಿದಾಗ ರಿಲೀಸನ್ನೂ (ನಾದ ಆರಿಹೋಗಲು ಹಿಡಿಯುವ ಸಮಯ) ಬದಲಿಸಬೇಕು. ನೀನು ಏನೂ ಹೇಳದಿದ್ದರೆ ಪ್ರತಿ ಸ್ವರದ ನಾದ ಒಂದಿಡೀ ಅಕ್ಷರದಷ್ಟು ಉಳಿಯುತ್ತದೆ. ಮೂರನೇ ಕಾಲದಲ್ಲಿ ಆಗ ನಾಲ್ಕು ಸ್ವರ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ರಿಲೀಸ್ ಒಂದು ಸ್ವರದ ಅವಧಿಗಿಂತ ಚೂರು ಕಡಿಮೆ ಇರಲಿ.

ಲೂಪ್ ಓಡುತ್ತಿರುವಾಗಲೇ ಸಂಖ್ಯೆ ತಿದ್ದಿ ಮತ್ತೆ ಆಲ್ಟ್ ಆರ್ ಒತ್ತಬಹುದು. ಹೊಸದು ಮುಂದಿನ ಸುತ್ತಿನಿಂದ ಬರುತ್ತದೆ, ತಾಳ ತಪ್ಪುವುದಿಲ್ಲ. ಆದರೆ ಮೇಲ್ಗಡೆಯ ಬಿಪಿಎಂ ಬದಲಿಸಿದರೆ ಓಡುತ್ತಿರುವ ಲೂಪಿಗೆ ಅದು ತಾಕುವುದಿಲ್ಲ. ಆಲ್ಟ್ ಎಸ್ ಒತ್ತಿ ನಿಲ್ಲಿಸಿ ಮತ್ತೆ ಶುರು ಮಾಡು. ಶ್ರುತಿ ಬದಲಿಸುವ ಯೂಸ್_ಟ್ರಾನ್ಸ್‌ಪೋಸ್‌ಗೂ ಇದೇ ಮಾತು. ಹಾಡುವವರು ಐದೂವರೆ ಶ್ರುತಿಯವರಾದರೆ ಅದರ ಮುಂದೆ -4 ಬರೆ, ಸ್ವರದ ಸಂಖ್ಯೆ ಒಂದನ್ನೂ ಮುಟ್ಟಬೇಕಿಲ್ಲ.

ಎರಡೂ ಲೂಪನ್ನು ಒಟ್ಟಿಗೆ ಶುರು ಮಾಡಿದರೆ ಒಟ್ಟಿಗೇ ಹೋಗುತ್ತವೆ. ಮಧ್ಯದಲ್ಲಿ ಮೂರನೆಯದನ್ನು, ಅಂದರೆ ತಂಬೂರಿಯನ್ನು ಸೇರಿಸಿದಾಗ ಅದು ನೀನು ಗುಂಡಿ ಒತ್ತಿದ ಕ್ಷಣವೇ ಏಳುತ್ತದೆ, ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಬರುವುದಿಲ್ಲ. ಅದಕ್ಕೆ ಅದರ ಮೊದಲ ಸಾಲನ್ನು "ಲೈವ್_ಲೂಪ್ :ತಂಬೂರಿ, ಸಿಂಕ್: :ತಾಳ ಡು" ಅಂತ ಬರೆ, ಮುಂದಿನ ಆವರ್ತದ ಸಮಕ್ಕೆ ಕಾದು ಸೇರಿಕೊಳ್ಳುತ್ತದೆ. ಸಿಂಕನ್ನು ಲೂಪಿನ ಒಳಗೆ ಹಾಕಬೇಡ. ಒಳಗಿದ್ದರೆ ಪ್ರತಿ ಸುತ್ತಿನಲ್ಲೂ ಕಾಯುತ್ತದೆ, ಕೂದಲೆಳೆಯಷ್ಟು ತಡವಾದರೂ ಒಂದು ಆವರ್ತ ಖಾಲಿ ಹೋಗುತ್ತದೆ. ತಂಬೂರಿಗೆ 55, 60, 60, 48 ಸಾಕು. ಪ್ರತಿಯೊಂದರ ನಂತರ ಸ್ಲೀಪ್ 1, ರಿಲೀಸ್ 4, ಆಂಪ್ (ಶಬ್ದದ ಜೋರು) 0.4. ಎಲ್ಲ ಲೂಪುಗಳ ಆಂಪ್ 1ರಲ್ಲೇ ಇದ್ದರೆ ಒಟ್ಟು ಶಬ್ದ ಕರ್ಕಶವಾಗುತ್ತದೆ. ರಿವರ್ಬ್ (ಮಾರ್ದನಿ) ಬೇಕಾದರೆ ವಿತ್_ಎಫ್‌ಎಕ್ಸ್‌ನೊಳಗೆ ಇಡೀ ಲೂಪನ್ನಿಡು. ಲೂಪಿನೊಳಗೆ ಅದನ್ನಿಟ್ಟರೆ ಪ್ರತಿ ಸುತ್ತಿಗೂ ಹೊಸ ರಿವರ್ಬ್ ಹುಟ್ಟಿ ಕಂಪ್ಯೂಟರ್ ಏದುಸಿರು ಬಿಡುತ್ತದೆ.

ತಂಬೂರಿ ಸೇರಿದ ಮೇಲೆ ನಿನ್ನ ಕಿವಿಗೆ ಗಾಂಧಾರ ಸ್ವಲ್ಪ ಏರಿದೆ ಅನ್ನಿಸಬಹುದು. ನಿಜ, 64 ಹಾರ್ಮೋನಿಯಂನ ಗಾಂಧಾರ. ಷಡ್ಜಕ್ಕೆ 5:4 ಅನುಪಾತದ ಅಂತರ ಗಾಂಧಾರ ಬೇಕಿದ್ದರೆ 63.86 ಅಂತ ಬರೆ. ದಶಮಾಂಶ ಇಲ್ಲಿ ನಡೆಯುತ್ತದೆ. ಪಂಚಮ 67.02.

ಗಮಕಕ್ಕೆ ಪ್ಲಕ್ ಒದಗುವುದಿಲ್ಲ, ಎಳೆದ ನಾದದ ಬ್ಲೇಡ್ ಎಂಬ ಸಿಂತ್ (ವಾದ್ಯದ ದನಿ) ಹಿಡಿ:

ಯೂಸ್_ಸಿಂತ್ :ಬ್ಲೇಡ್
ಎನ್ = ಪ್ಲೇ 64, ಸಸ್ಟೇನ್: 1, ನೋಟ್_ಸ್ಲೈಡ್: 0.2
ಸ್ಲೀಪ್ 0.5
ಕಂಟ್ರೋಲ್ ಎನ್, ನೋಟ್: 65
ಸ್ಲೀಪ್ 0.5

ಗಾಂಧಾರದಿಂದ ಮಧ್ಯಮಕ್ಕೆ ಜಾರು ಸಿಗುತ್ತದೆ. ಸ್ವರವನ್ನು ನಡುಗಿಸುವ ಕಂಪಿತಕ್ಕೆ ಇಂಥ ನಾಲ್ಕಾರು ಕಂಟ್ರೋಲ್ ಸಾಲು ಬೇಕು, ಆದರೂ ಯಂತ್ರದ ಹಾಗೇ ಕೇಳುತ್ತದೆ. ಇದರಿಂದ ಆಲಾಪನೆ ಮಾಡಿಸುವ ಆಸೆ ಬಿಡು. ತಾಳ, ಜತಿ, ಲೆಕ್ಕಾಚಾರದ ಮುಕ್ತಾಯಗಳಲ್ಲಿ ಇದಕ್ಕೆ ಎದುರಿಲ್ಲ.

ರೆಕಾರ್ಡ್ ಗುಂಡಿ ಒತ್ತಿದರೆ ವೇವ್ ಫೈಲ್ ಸಿಗುತ್ತದೆ, ನಿಮಿಷಕ್ಕೆ ಸುಮಾರು 10 ಎಂಬಿ. ವಾಟ್ಸಾಪಿಗೆ ಎಂಪಿ3 ಮಾಡಿ ಕಳಿಸು. ಜೊತೆಗೆ ಕೋಡನ್ನೂ ಅಂಟಿಸು, ಬರೀ ಶಬ್ದ ಕೇಳಿ ಯಾವ ಸ್ಲೀಪ್ ತಪ್ಪಿದೆ ಅಂತ ಹೇಳುವುದು ಕಷ್ಟ.

ಇಂತಿ,
ನಿನ್ನ ಗೆಳೆಯ