ಗಾಣಕ್ಕೂ ಹರಳೆಣ್ಣೆ ಗ್ರೀಸ್ ಸಿಗಲಿ

ಮಾನ್ಯರೇ,

ಮೊನ್ನೆ ಪಾಂಡವಪುರದ ಹತ್ತಿರ ಒಂದು ಆಲೆಮನೆಗೆ ಹೋಗಿದ್ದೆ. ಗಾಣದ ಬೇರಿಂಗಿನಿಂದ ಕರಿ ಗ್ರೀಸ್ ಜಿನುಗಿ ಕಬ್ಬಿನ ಹಾಲಿನ ತೊಟ್ಟಿಯ ಅಂಚಿಗೇ ಇಳಿದಿತ್ತು. ಅದೇ ಹಾಲು ತಾನೇ ನಾವು ತಿನ್ನುವ ಬೆಲ್ಲವಾಗುವುದು? ನೋಡಿ ಸುಮ್ನಿರೋಕೆ ಆಗಲಿಲ್ಲ.

ನಮ್ಮಜ್ಜ ಗಾಡಿಯ ಅಚ್ಚಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಅದು ಮಂದ ಎಣ್ಣೆ. ಲೋಹಕ್ಕೆ ಅಂಟಿಕೊಂಡು ತೆಳು ಪದರವಾಗಿ ನಿಲ್ಲುತ್ತದೆ, ಹಾಗಾಗಿ ಉಜ್ಜಾಟವೂ ಸವೆತವೂ ಕಡಿಮೆ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನಿಗೂ ಇದೇ ಎಣ್ಣೆ! ಆದರೆ ಬಿಸಿ, ಗಾಳಿ ಜಾಸ್ತಿ ತಾಗಿದರೆ ಅಂಟಂಟಾಗುತ್ತದೆ. ಹಾಗಾಗಿ ಬರೀ ಎಣ್ಣೆ ಸಾಲದು, ಆಹಾರ ತಯಾರಿಸುವ ಯಂತ್ರಕ್ಕೆಂದೇ ಹರಳೆಣ್ಣೆಯಿಂದ ಹದ ಮಾಡಿದ ಗ್ರೀಸ್ ಬೇಕು. ಅದು ನಮ್ಮೂರ ಅಂಗಡಿಯಲ್ಲೇ ಸಿಗುವಂತೆ ಸರ್ಕಾರ ಮಾಡಲಿ. ಆಲೆಮನೆಯವರಿಗೆ ಸಹಾಯಧನವನ್ನೂ ಕೊಡಲಿ.

– ಒಬ್ಬ ಓದುಗ, ಮಂಡ್ಯ